ಎಣ್ಣೆ ಅವರದು, ತೊಳೆದ ನೀರು ನಮ್ಮದು

ನಮ್ಮ ಹಟ್ಟಿಗೆ ಎಣ್ಣೆ ಬರುತ್ತಿದ್ದದ್ದು ಹನಿಯ ಲೆಕ್ಕದಲ್ಲಿ. ಎಣ್ಣೆ ತೊಳೆದ ನೀರು ಬರುತ್ತಿದ್ದದ್ದು ಹಳ್ಳದ ಲೆಕ್ಕದಲ್ಲಿ. ಈ ಎರಡು ಲೆಕ್ಕಗಳ ನಡುವೆ ನಾವು ಬೆಳೆದೆವು.

ಹಬ್ಬದ ಹಿಂದಿನ ದಿನ ಅವ್ವ ಔಷಧಿಯ ಖಾಲಿ ಸೀಸೆ ತೊಳೆದು ನಮ್ಮ ಕೈಗೆ ಕೊಡುತ್ತಿದ್ದಳು. "ನೂರು ಗ್ರಾಂ ಹಾಕಿಸ್ಕಂಡ್ ಬಾ. ದಾರೀಲಿ ಕುಣೀಬ್ಯಾಡ." ಅಂಗಡಿಯವನು ಸೀಸೆ ಮುಟ್ಟುತ್ತಿರಲಿಲ್ಲ. ನೆಲದ ಮೇಲೆ ಇಡಿಸಿ, ಮೇಲಿನಿಂದ ಹುಯ್ಯುತ್ತಿದ್ದ. ಸೀಸೆಯ ಬಾಯಿ ಸಣ್ಣದು, ಅವನ ಕೈ ಎತ್ತರದ್ದು. ಹೊರಗೆ ಚೆಲ್ಲಿದ್ದೂ ನಮ್ಮ ಲೆಕ್ಕಕ್ಕೇ ಬರುತ್ತಿತ್ತು. ಚೆಲ್ಲಿದ ಎಣ್ಣೆಯನ್ನು ಬೆರಳಲ್ಲಿ ಬಳಿದು ತಲೆಗೆ ಸವರಿಕೊಂಡು ಬಂದರೆ ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ, ಆಗ ನಮಗೆ ತಿಳಿಯುತ್ತಿರಲಿಲ್ಲ.

ಎಣ್ಣೆಗೆ ನಾವು ದೂರದವರಾಗಿರಲಿಲ್ಲ. ಎಣ್ಣೆಯ ಊರೆಂದೇ ಹೆಸರಾದ ಚಳ್ಳಕೆರೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ ನಮ್ಮ ಹಟ್ಟಿ. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಗುಳೆ. ಶೇಂಗಾ ಬಿತ್ತಿದವರು ನಾವು, ಕಳೆ ತೆಗೆದವರು ನಾವು, ಗಿಡ ಕಿತ್ತವರು, ಕಾಯಿ ಬಿಡಿಸಿದವರು, ಮೂಟೆ ಹೊತ್ತು ಮಿಲ್ಲಿನ ಬಾಗಿಲಿಗೆ ಇಳಿಸಿದವರು ನಾವು. ಬಾಗಿಲ ಒಳಗೆ ಹೋದ ಮೇಲೆ ಅದು ಎಣ್ಣೆಯಾಯಿತು. ಎಣ್ಣೆಯಾದ ಮೇಲೆ ನಮ್ಮ ಕೈ ಅದನ್ನು ಮುಟ್ಟಬಾರದಾಯಿತು. ಹಿಂಡಿ ಮಾತ್ರ ಹೊರಗೆ ಬರುತ್ತಿತ್ತು, ಸಾಹುಕಾರರ ಎಮ್ಮೆಗಳಿಗೆ. 1973ರಲ್ಲಿ ಬಸವಲಿಂಗಪ್ಪನವರು 'ಬೂಸಾ' ಎಂಬ ಒಂದು ಮಾತಿಗೆ ಮಂತ್ರಿಗಿರಿಯನ್ನೇ ಬಿಡಬೇಕಾಯಿತೆಂದು ಹಿರಿಯರು ಹೇಳುವಾಗ, ಬೂಸಾ ಅಂದರೆ ಬೈಗುಳವೆಂದು ನಮ್ಮ ಹಟ್ಟಿಯ ಮಕ್ಕಳಿಗೆ ಹೊಳೆಯುತ್ತಲೇ ಇರಲಿಲ್ಲ. ಬೂಸಾ ಹಿಂಡಿ ಕಂಡ ಎಮ್ಮೆ ನಮ್ಮ ಕಣ್ಣಿಗೆ ಭಾಗ್ಯವಂತೆಯಾಗಿತ್ತು.

1994ರಲ್ಲಿ ಸರ್ಕಾರ ಪಾಮೋಲಿನ್ ಆಮದಿಗೆ ಬಾಗಿಲು ತೆರೆಯಿತು. ಮರುವರ್ಷ ಬೇರೆ ಎಣ್ಣೆಗಳಿಗೂ ತೆರೆಯಿತು. ಹಡಗಿನಲ್ಲಿ ಬಂದ ಅಗ್ಗದ ಎಣ್ಣೆಯ ಎದುರು ನಮ್ಮ ಸೀಮೆಯ ಶೇಂಗಾ ಮಿಲ್ಲುಗಳು ಒಂದೊಂದಾಗಿ ಬೀಗ ಹಾಕಿಕೊಂಡವು. ನಮ್ಮ ಪಕ್ಕದ ಮಿಲ್ಲಿನ ಸಾಹುಕಾರ ಮಾತ್ರ ಬೀಗ ಹಾಕಲಿಲ್ಲ. ಅರೆಯುವುದನ್ನು ಬಿಟ್ಟು ತೊಳೆಯುವುದಕ್ಕೆ ನಿಂತ. ಬೇರೆ ಕಡೆ ಹಿಂಡಿದ ಸೂರ್ಯಕಾಂತಿ ಎಣ್ಣೆ, ಅಕ್ಕಿ ತವುಡಿನ ಎಣ್ಣೆ ಟ್ಯಾಂಕರಿನಲ್ಲಿ ಬರತೊಡಗಿತು. ಕಪ್ಪಗೆ ಬಂದದ್ದು ಹೊಳೆಯುತ್ತಾ ಪ್ಯಾಕೆಟ್ಟಿನಲ್ಲಿ ಹೋಗತೊಡಗಿತು. ಅದಕ್ಕೆ 'ರಿಫೈನ್ಡ್' ಎಂದು ಹೆಸರು. ಮೂಟೆ ಹೊರುತ್ತಿದ್ದ ನಮ್ಮವರಿಗೆ ಹೊಸ ಕೆಲಸ ಸಿಕ್ಕಿತು: ತೊಳೆಯುವ ಕೆಲಸ. ತೊಟ್ಟಿ ತೊಳೆಯುವುದು, ಚರಂಡಿ ತೊಳೆಯುವುದು, ಕೊಬ್ಬು ಕಟ್ಟಿದ ಪೈಪು ತೊಳೆಯುವುದು.

ಒಳಗೆ ಏನು ನಡೆಯುತ್ತದೆ ಎನ್ನುವುದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ಕೈ ಸುಟ್ಟುಕೊಂಡು ಕಲಿತೆವು. ಆಮೇಲೆ ಪುಸ್ತಕ ನೋಡಿದಾಗ ಎರಡೂ ತಾಳೆಯಾಯಿತು. ಗೆಳೆಯರೇ, ಇದು ನಿಮಗೂ ತಿಳಿದಿರಲಿ. ಎಣ್ಣೆ ಎಲ್ಲರ ಮನೆಯಲ್ಲೂ ಇದೆ. ಅದರ ಕೊಳೆ ಯಾರ ಮನೆಯ ಮುಂದೆ ಇದೆ ಎಂದು ಕೇಳುವವರಿಲ್ಲ.

ಕಚ್ಚಾ ಎಣ್ಣೆಯಲ್ಲಿ ಗೋಂದಿನಂಥ ಅಂಟು ಇರುತ್ತದೆ. ಬಿಸಿ ನೀರು, ಚೂರು ಫಾಸ್ಫರಿಕ್ ಆಸಿಡ್ ಹಾಕಿ ಅದನ್ನು ತೆಗೆಯುತ್ತಾರೆ. ಆಮೇಲೆ ಎಣ್ಣೆಯನ್ನು ಹುಳಿಯಾಗಿಸುವ ಬಿಡಿ ಕೊಬ್ಬಿನಾಮ್ಲ. ಅದಕ್ಕೆ ಕಾಸ್ಟಿಕ್ ಸೋಡಾ ಹಾಕುತ್ತಾರೆ. ಎರಡೂ ಸೇರಿ ಸಾಬೂನಾಗುತ್ತದೆ. ಸಾಬೂನನ್ನು ಯಂತ್ರದಲ್ಲಿ ತಿರುಗಿಸಿ ಬೇರೆ ಮಾಡುತ್ತಾರೆ. ಎಣ್ಣೆಯಲ್ಲಿ ಉಳಿದ ಸಾಬೂನನ್ನು ಕುದಿಯುವುದಕ್ಕೆ ಹತ್ತಿರವಾದ ಬಿಸಿ ನೀರಿನಲ್ಲಿ ತೊಳೆಯುತ್ತಾರೆ. ನೂರು ಕೆ.ಜಿ. ಎಣ್ಣೆಗೆ ಒಂದು ಸಲ ತೊಳೆಯಲು 10ರಿಂದ 15 ಕೆ.ಜಿ. ನೀರು. ದಿನಕ್ಕೆ 100 ಟನ್ ತೊಳೆಯುವ ಮಿಲ್ಲು ಎಂದಿಟ್ಟುಕೊಳ್ಳಿ. ಒಂದು ತೊಳೆತಕ್ಕೆ ಕಡಿಮೆ ಅಂದರೂ 10,000 ಲೀಟರ್. ಈಗಿನ ಜಲ ಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಎಂದು ಸರ್ಕಾರ ಲೆಕ್ಕ ಕಟ್ಟಿದೆ. ಆ ಲೆಕ್ಕದಲ್ಲಿ 180 ಜನರ, ಅಂದರೆ ನಮ್ಮಂಥ ಒಂದು ಹಟ್ಟಿಯ, ಒಂದು ದಿನದ ನೀರು ಎಣ್ಣೆಯ ಒಂದು ಸ್ನಾನಕ್ಕೆ.

ಬೇರೆ ಮಾಡಿದ ಆ ಸಾಬೂನಿನ ರಾಡಿಯನ್ನೂ ಬಿಸಾಡುವುದಿಲ್ಲ. ಸಲ್ಫ್ಯೂರಿಕ್ ಆಸಿಡ್ ಹಾಕಿ ಕುದಿಸುತ್ತಾರೆ. ಕೊಬ್ಬು ಮೇಲೆ ತೇಲುತ್ತದೆ. ಅದು 'ಆಸಿಡ್ ಆಯಿಲ್'. ಸಾಬೂನು ಮಾಡುವವರು ಕೊಂಡು ಹೋಗುತ್ತಾರೆ. ಕೆಳಗೆ ಉಳಿಯುವುದೇ ಆ ಹುಳಿ ನೀರು. ಹುಣಿಸೆಹಣ್ಣಿನ ರಸಕ್ಕಿಂತ ಹುಳಿ, ಅದರ ಮೇಲೆ ಉಪ್ಪು, ಅದರ ಮೇಲೆ ಜಿಡ್ಡು. ಇಡೀ ಮಿಲ್ಲಿನ ನೀರಿನಲ್ಲಿ ಅತಿ ಕೆಟ್ಟದ್ದು ಇದು. ಇಷ್ಟಾದ ಮೇಲೆ ಎಣ್ಣೆಯ ಬಣ್ಣವನ್ನು ಒಂದು ಬಗೆಯ ಜೇಡಿಮಣ್ಣು ಹೀರುತ್ತದೆ. ಕೊನೆಗೆ ಗಾಳಿಯಿಲ್ಲದ ಪಾತ್ರೆಯಲ್ಲಿ 200 ಡಿಗ್ರಿ ಮೀರಿದ ಬಿಸಿಯಲ್ಲಿ ಹಬೆ ಹಾಯಿಸಿ ವಾಸನೆ ತೆಗೆಯುತ್ತಾರೆ. ಆ ಹಬೆ ತಣಿದು ನೀರಾಗುವಾಗ ಅದೂ ಒಂದಿಷ್ಟು ಜಿಡ್ಡು ಹೊತ್ತುಕೊಂಡೇ ಬರುತ್ತದೆ.

ಹೀಗೆ ಎಣ್ಣೆಯ ಅಂಟು ಹೋಯಿತು, ಹುಳಿ ಹೋಯಿತು, ಬಣ್ಣ ಹೋಯಿತು, ವಾಸನೆ ಹೋಯಿತು. ಎಲ್ಲಿಗೆ ಹೋಯಿತು? ನಮ್ಮ ಹಳ್ಳಕ್ಕೆ ಬಂತು.

ಊರ ಬಾವಿ ನಮಗಿರಲಿಲ್ಲ. ಹಳ್ಳದ ಮರಳು ಬಗೆದು ತೋಡಿದ ಚಿಲುಮೆಯೇ ನಮ್ಮ ಬಾವಿ. ಊರವರು ಮಿಲ್ಲಿನ ಮೇಲುಗಡೆ ಇದ್ದರು, ನಾವು ಕೆಳಗಡೆ ಇದ್ದೆವು. ಹಟ್ಟಿ ಯಾವಾಗಲೂ ನೀರು ಹರಿದು ಬರುವ ಕೆಳಗಿನ ತುದಿಯಲ್ಲೇ ಇರುತ್ತದೆ. ಇದು ಮಿಲ್ಲು ಬರುವುದಕ್ಕೆ ಮೊದಲೇ ಬರೆದಿಟ್ಟ ನಕ್ಷೆ. ಮಿಲ್ಲಿನವರು ಆ ನಕ್ಷೆಯನ್ನು ಹೊಸದಾಗಿ ಬರೆಯಲಿಲ್ಲ, ಇದ್ದದ್ದನ್ನೇ ಬಳಸಿಕೊಂಡರು.

ಮೊದಲು ಹಳ್ಳದ ಮೇಲೆ ಕೆನೆ ಕಟ್ಟಿತು. ಮಕ್ಕಳಾಗಿದ್ದ ನಾವು ಕೋಲಿನಿಂದ ಕೆನೆ ಎತ್ತಿ ಆಡಿದೆವು. ಆಮೇಲೆ ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ವಿಷ ಹಾಕಿದರು ಅಂತ ಅಪ್ಪ ಹೇಳಿದ. ವಿಷ ಅಲ್ಲ, ಉಸಿರು ಕಟ್ಟಿದ್ದು. ನೀರಿನಲ್ಲಿರುವ ಕಣ್ಣಿಗೆ ಕಾಣದ ಹುಳುಗಳು ಕೊಬ್ಬು ತಿನ್ನಲು ಶುರುಮಾಡಿದರೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತವೆ. ಮೇಲಿನ ಜಿಡ್ಡಿನ ಚಾದರ ಹೊಸ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಹುಳುಗಳಿಗೆ ಎಷ್ಟು ಆಮ್ಲಜನಕ ಬೇಕು ಎಂದು ಅಳೆಯುವುದನ್ನೇ ಬಿ.ಓ.ಡಿ. ಎನ್ನುತ್ತಾರೆ. ಮೀನಿಗೆ ಅದರ ಹೆಸರು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಚಿಲುಮೆಯ ನೀರು ಬಾಯಿಗಿಟ್ಟರೆ ಸಾಬೂನಿನ ರುಚಿ. ಹೆಂಗಸರು ಎರಡು ಮೈಲಿ ನಡೆದು ತೋಟದವರ ಪಂಪುಸೆಟ್ಟಿನ ಹತ್ತಿರ ಕೊಡ ಇಟ್ಟು, ಯಾರಾದರೂ ಬಂದು ಹುಯ್ಯಲಿ ಅಂತ ಕಾಯತೊಡಗಿದರು.

ನಾವು ಮಿಲ್ಲಿನ ಗೇಟಿಗೆ ಹೋದೆವು. ಸಾಹುಕಾರ ಸಿಟ್ಟಾಗಲಿಲ್ಲ. ಯುಗಾದಿ ಹತ್ತಿರ ಬಂದಿತ್ತು. ಹಟ್ಟಿಗೆ ಎರಡು ಡಬ್ಬ ಎಣ್ಣೆ ಕಳಿಸಿದ. ಇಸ್ಕೊಂಡೆವು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ನಮ್ಮ ಕಥೆಯಲ್ಲಿ ಅವರ ತಪ್ಪನ್ನು ಮಾತ್ರ ಬರೆದರೆ ಅದು ಪೂರ್ತಿ ಕಥೆಯಾಗುವುದಿಲ್ಲ. ಆ ಯುಗಾದಿಗೆ ಹಟ್ಟಿಯ ಎಲ್ಲ ಮನೆಯಲ್ಲೂ ಎಣ್ಣೆಯಲ್ಲಿ ಕರಿದದ್ದು ಆಯಿತು. ಮೂರು ವರ್ಷ ನಾವು ಬಾಯಿ ತೆರೆಯಲಿಲ್ಲ.

*

ಆಮೇಲೆ ಸಂಘಟನೆಯ ಗೆಳೆಯರು ಬಂದರು. ಅರ್ಜಿ ಬರೆದರು. 1974ರ ಜಲ ಕಾಯಿದೆ ಎಂಬುದೊಂದಿದೆ, ಅದೇ ವರ್ಷ ನಮ್ಮ ರಾಜ್ಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯೂ ಹುಟ್ಟಿದೆ ಎಂದು ನಮಗೆ ಆಗ ತಿಳಿಯಿತು. ಇಷ್ಟು ವರ್ಷ ಕಾಯಿದೆ ಒಂದು ಕಡೆ ಇತ್ತು, ಹಳ್ಳ ಒಂದು ಕಡೆ ಇತ್ತು. ಅರ್ಜಿಯ ಮೇಲೆ ಅರ್ಜಿ ಹೋದ ಮೇಲೆ ಮಿಲ್ಲಿನ ಹಿಂದೆ ಸಿಮೆಂಟಿನ ತೊಟ್ಟಿಗಳು ಎದ್ದವು.

ಆ ತೊಟ್ಟಿಗಳನ್ನು ಕಟ್ಟಿದವರೂ ನಾವೇ. ಮೊದಲ ತೊಟ್ಟಿಯಲ್ಲಿ ನೀರನ್ನು ನಿಲ್ಲಿಸಿ ಮೇಲೆ ತೇಲಿದ ಜಿಡ್ಡನ್ನು ಕೆರೆದು ತೆಗೆಯುತ್ತಾರೆ. ಎರಡನೆಯದರಲ್ಲಿ ಹಗಲು ರಾತ್ರಿಯ ನೀರನ್ನೆಲ್ಲ ಸೇರಿಸಿ ಹದ ಮಾಡುತ್ತಾರೆ. ಮೂರನೆಯದರಲ್ಲಿ ಹುಳಿ ಹೋಗಲು ಸುಣ್ಣ, ಕಸ ಗರಣೆಯಾಗಲು ಪಟಿಕ. ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ತಳದಿಂದ ಬಿಟ್ಟರೆ ಆ ಗರಣೆ ಗುಳ್ಳೆಗೆ ಅಂಟಿಕೊಂಡು ಮೇಲೆ ಬರುತ್ತದೆ. ಆಮೇಲೆ ದೊಡ್ಡ ತೊಟ್ಟಿ. ಅಲ್ಲಿ ಮೋಟಾರು ಹಗಲಿರುಳು ಗಾಳಿ ಊದುತ್ತದೆ. ಹಳ್ಳದಲ್ಲಿ ಮೀನಿನ ಉಸಿರು ಕಿತ್ತುಕೊಂಡ ಅವೇ ಹುಳುಗಳು ಇಲ್ಲಿ ಊದಿದ ಗಾಳಿ ಕುಡಿದು ಕೊಬ್ಬು ತಿನ್ನುತ್ತವೆ. ತಿಂದು ದಪ್ಪವಾದ ಹುಳುಗಳು ಕೊನೆಯ ತೊಟ್ಟಿಯಲ್ಲಿ ತಳಕ್ಕೆ ಕೂರುತ್ತವೆ, ಮೇಲಿನ ತಿಳಿನೀರು ಹೊರಗೆ ಹೋಗುತ್ತದೆ. ಕರೆಂಟು ಹೋದರೆ, ಅಥವಾ ಖರ್ಚು ಉಳಿಸಲು ರಾತ್ರಿ ಮೋಟಾರು ನಿಲ್ಲಿಸಿದರೆ, ಹುಳು ಸಾಯುತ್ತದೆ. ರಾತ್ರಿ ಮೋಟಾರಿನ ಸದ್ದು ನಿಂತಿತೆಂದರೆ ಹಟ್ಟಿಯಲ್ಲಿ ಮಲಗಿದ್ದ ನಮಗೆ ಎಚ್ಚರವಾಗುತ್ತಿತ್ತು. ಬೆಳಗ್ಗೆ ಹಳ್ಳಕ್ಕೆ ಏನು ಬರುತ್ತದೆ ಎಂದು ಗೊತ್ತಿರುತ್ತಿತ್ತು.

ಆದರೂ ನೀರು ತಿಳಿಯಾಯಿತು. ಅದೇ ಹೊತ್ತಿಗೆ ಮ್ಯಾನೇಜರು ಹಟ್ಟಿಗೆ ಬಂದ. ಅವನು ಹಟ್ಟಿಗೆ ಬಂದದ್ದು ಅದೇ ಮೊದಲು. "ನೋಡ್ರಪ್ಪಾ, ನೀರು ಎಷ್ಟು ಚೆನ್ನಾಗೈತೆ. ಹಳ್ಳಕ್ಕೆ ಬಿಡೋ ಬದಲು ನಿಮ್ಮ ಹೊಲಕ್ಕೇ ಬಿಡ್ತೀವಿ. ಪೈಪು ನಮ್ಮದು, ಪುಗಸಟ್ಟೆ ನೀರು."

ಹಳ್ಳದ ದಂಡೆಯಲ್ಲಿ ನಮಗೆ ದರಖಾಸ್ತಿನಲ್ಲಿ ಬಂದ ಎರಡೆರಡು ಎಕರೆ ಇತ್ತು. ಮಿಲ್ಲಿನವರಿಗೆ ಅದರ ಮೇಲೆ ಹಿಂದಿನಿಂದಲೂ ಕಣ್ಣಿತ್ತು. ಆದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಮನಬಂದಂತೆ ಪರಭಾರೆ ಮಾಡಬಾರದೆಂದು 1978ರ ಕಾಯಿದೆ ಅಡ್ಡ ನಿಂತಿತ್ತು. ಕೊಳ್ಳಲು ಆಗದ ನೆಲವನ್ನು ಅವರು ನೀರು ಬಿಟ್ಟು ಬಳಸಿಕೊಂಡರು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಲಿಲ್ಲ. ಮಳೆಯನ್ನೇ ನಂಬಿದ ಕೆಂಪು ನೆಲಕ್ಕೆ ವರ್ಷಪೂರ್ತಿ ನೀರು! ಅಪ್ಪ ಪೈಪಿನ ಬಾಯಿಗೆ ಕೈ ಒಡ್ಡಿ ನಿಂತದ್ದು ಇನ್ನೂ ಕಣ್ಣಲ್ಲಿದೆ. ಮೊದಲ ವರ್ಷ ಮೆಕ್ಕೆಜೋಳ ಆಳೆತ್ತರ ಬಂತು. ಎರಡನೇ ವರ್ಷ ಸೊಂಟದೆತ್ತರ. ಮೂರನೇ ವರ್ಷ ನೆಲದ ಮೇಲೆ ಬೆಳ್ಳಗೆ ಹೊಪ್ಪಳಿಕೆ ಎದ್ದಿತು. ನೀರು ಬಿಟ್ಟರೆ ನೆಲ ಕುಡಿಯುವುದಿಲ್ಲ, ಮೇಲೆಯೇ ನಿಲ್ಲುತ್ತದೆ. ಒಣಗಿದರೆ ಗುದ್ದಲಿ ಟಣ್ ಎನ್ನುತ್ತದೆ. ಬಿತ್ತಿದ ಬೀಜ ಮೊಳೆತರೂ ಮೇಲಿನ ಹೆಂಟೆ ಒಡೆದು ಹೊರಗೆ ಬರಲಾರದೆ ಒಳಗೇ ಸುರುಳಿ ಸುತ್ತಿ ಸತ್ತಿತ್ತು.

ಕೃಷಿ ಇಲಾಖೆಯವರು ಬಂದು, ನೀವು ಗೊಬ್ಬರ ಸರಿಯಾಗಿ ಹಾಕಿಲ್ಲ ಅಂದರು.

ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಹಾಗೆ ಅನ್ನಲಿಲ್ಲ. ಅವರು ಮಾಡಿದ್ದನ್ನು ಹಳ್ಳಿ ಮೇಷ್ಟ್ರುಗಳಾದ ನೀವು ಓದಬೇಕೆಂದು ಇಲ್ಲಿ ಬರೆಯುತ್ತಿದ್ದೇವೆ. ಎರಡು ಗಾಜಿನ ಲೋಟ ತೆಗೆದುಕೊಂಡರು. ಎರಡಕ್ಕೂ ಮಳೆಯ ನೀರು ಹಾಕಿದರು. ಒಂದಕ್ಕೆ ಊರವರ ಹೊಲದ ಒಣ ಮಣ್ಣಿನ ಸಣ್ಣ ಹೆಂಟೆ, ಇನ್ನೊಂದಕ್ಕೆ ನಮ್ಮ ಹೊಲದ್ದು. ಅಲ್ಲಾಡಿಸಲಿಲ್ಲ. ಹಾಗೇ ಇಟ್ಟು ಪಾಠ ಮಾಡಿದರು. ಸಂಜೆಗೆ ಊರವರ ಹೆಂಟೆ ಪುಡಿಯಾಗಿ ತಳದಲ್ಲಿ ಕೂತಿತ್ತು, ಮೇಲೆ ನೀರು ತಿಳಿಯಾಗಿತ್ತು. ನಮ್ಮದು ಹಾಲು ಕಲಸಿದ ಹಾಗೆ ನೀರಿನ ತುಂಬ ಹರಡಿತ್ತು. ಮಾರನೇ ದಿನವೂ ತಿಳಿಯಾಗಲಿಲ್ಲ. "ಇದು ಸೋಡಿಯಂ ಮಾಡೋ ಕೆಲಸ" ಅಂದರು. ಮಣ್ಣಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುವುದು ಸುಣ್ಣದ ಅಂಶ. ಸೋಡಿಯಂ ಅದನ್ನು ತಳ್ಳಿ ಅದರ ಜಾಗದಲ್ಲಿ ಕೂತರೆ ಕಣಗಳು ಕೈ ಬಿಟ್ಟು ಚೆದುರುತ್ತವೆ, ಮಣ್ಣಿನ ಉಸಿರುಗಂಡಿಗಳನ್ನು ಮುಚ್ಚುತ್ತವೆ. ಒಣಗಿದ ಮೇಲೆ ಕಲ್ಲು.

"ಮತ್ತೆ ನೀರು ತಿಳಿಯಾಗಿತ್ತಲ್ಲ ಸಾ?" ಅಂತ ಕೇಳಿದೆವು.

"ಹುಳ ಕೊಬ್ಬನ್ನ ತಿನ್ತದೆ. ಉಪ್ಪನ್ನ ತಿನ್ತದೇನ್ರೋ?" ಅಂದರು.

ಈ ಒಂದು ಮಾತಿನಲ್ಲಿ ಮೂರು ವರ್ಷದ ಮೋಸ ಬಿಚ್ಚಿಕೊಂಡಿತು. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಕಾಗದಗಳು ಬಂದವು. ಹೊಲಕ್ಕೆ ಬಿಡುವ ನೀರಿನಲ್ಲಿ ಲೀಟರಿಗೆ ಜಿಡ್ಡು 10 ಮಿಲಿಗ್ರಾಂ ಮೀರಬಾರದು, ಬಿ.ಓ.ಡಿ. 100 ಮೀರಬಾರದು ಎಂದಿತ್ತು. ಎರಡೂ ಮೀರಿರಲಿಲ್ಲ. ಕಾಗದದ ಪ್ರಕಾರ ಎಲ್ಲ ಸರಿಯಾಗಿತ್ತು. ನಮ್ಮ ಕೈಗೆ ಬಂದ ಪರೀಕ್ಷೆಯ ವರದಿಯಲ್ಲಿ ಸೋಡಿಯಂ ಎಂಬ ಸಾಲೇ ಇರಲಿಲ್ಲ. ಕೇಳದ ಪ್ರಶ್ನೆಗೆ ಯಾವ ಲ್ಯಾಬೂ ಉತ್ತರ ಕೊಡುವುದಿಲ್ಲ.

*

ಚಿಕ್ಕಪ್ಪನ ವಿಷಯ ಇಲ್ಲಿ ಹೇಳಬೇಕು.

ಹುಳಿ ನೀರು ಸೇರುವ ತೊಟ್ಟಿಯ ತಳದಲ್ಲಿ ವರ್ಷಕ್ಕೊಮ್ಮೆ ರಾಡಿ ತುಂಬುತ್ತದೆ. ಮಿಲ್ಲಿನಲ್ಲಿ ಎಲ್ಲ ಜಾತಿಯವರೂ ಕೆಲಸ ಮಾಡುತ್ತಾರೆ; ರಾಡಿಗೆ ಇಳಿಯುವಾಗ ಮಾತ್ರ ಕಂಟ್ರಾಕ್ಟರು ಹಟ್ಟಿಗೇ ಬರುತ್ತಾನೆ. ಯಾರೂ ಬರೆದಿಟ್ಟ ನಿಯಮವಲ್ಲ. ಬರೆಯುವ ಅಗತ್ಯವೂ ಇಲ್ಲ. ದಿನದ ಕೂಲಿಯ ಮೇಲೆ ಇನ್ನೂರು ರೂಪಾಯಿ ಹೆಚ್ಚು, ಒಂದು ಕ್ವಾರ್ಟರು ಬೇರೆ. 2013. ದೇಶದ ಪಾರ್ಲಿಮೆಂಟು ಮಲ ಹೊರುವ, ಚರಂಡಿಗೆ ಮನುಷ್ಯರನ್ನು ಇಳಿಸುವ ಪದ್ಧತಿ ನಿಲ್ಲಬೇಕೆಂದು ಹೊಸ ಕಾಯಿದೆ ಮಾಡಿದ ವರ್ಷವೇ ಚಿಕ್ಕಪ್ಪ ಆ ತೊಟ್ಟಿಗೆ ಇಳಿದ.

ಅವನೇ ಹೇಳಿದ್ದು: "ಇಳೀತಿದ್ದಂಗೆ ಕೊಳೆತ ಮೊಟ್ಟೆ ವಾಸ್ನೆ ಬಂತು ಮಗಾ. ತಳಕ್ಕೆ ಹೋಗಿ ಎರಡು ಬಕೀಟು ತುಂಬೋದ್ರೊಳಗೆ ವಾಸ್ನೇನೇ ಇಲ್ಲ. ಹೋಯ್ತು ಬಿಡು, ಇನ್ನೇನ್ ಭಯ ಇಲ್ಲ ಅಂದ್ಕಂಡೆ. ಅಷ್ಟೇ ಗೊತ್ತು ನಂಗೆ."

ವಾಸನೆ ಹೋಗಿರಲಿಲ್ಲ; ಮೂಗು ಸತ್ತಿತ್ತು. ಸಲ್ಫ್ಯೂರಿಕ್ ಆಸಿಡ್ಡಿನಿಂದ ನೀರಿಗೆ ಬಂದ ಗಂಧಕವನ್ನು ಗಾಳಿಯಿಲ್ಲದ ರಾಡಿಯಲ್ಲಿ ಬೇರೊಂದು ಜಾತಿಯ ಹುಳುಗಳು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಮಾಡುತ್ತವೆ. ಅದು ಗಾಳಿಗಿಂತ ಭಾರ, ತಳದಲ್ಲೇ ಮಲಗಿರುತ್ತದೆ. ಸ್ವಲ್ಪ ಇದ್ದಾಗ ನಾರುತ್ತದೆ. ಹೆಚ್ಚಾದಾಗ ಮೊದಲು ಮೂಗಿನ ಶಕ್ತಿಯನ್ನೇ ಕಿತ್ತುಕೊಳ್ಳುತ್ತದೆ, ಆಮೇಲೆ ಉಸಿರನ್ನು. ರಾಡಿಯನ್ನು ಕಲಕಿದರೆ ಒಮ್ಮೆಗೇ ಎದ್ದು ಬರುತ್ತದೆ. ಒಬ್ಬ ಬಿದ್ದನೆಂದು ಎತ್ತಲು ಇಳಿದ ಇನ್ನೊಬ್ಬನೂ ಬೀಳುವುದು ಇದರಿಂದಲೇ. ಮೇಲಿದ್ದ ಬಾಯ್ಲರಿನ ಹುಡುಗನೊಬ್ಬನಿಗೆ ಅದು ಗೊತ್ತಿತ್ತು. ಇಳಿಯಲು ಹೋದ ನಮ್ಮ ಅಣ್ಣನನ್ನು ತಬ್ಬಿ ಹಿಡಿದು ನಿಲ್ಲಿಸಿದ. ಕೊಕ್ಕೆ ಹಾಕಿ ಚಿಕ್ಕಪ್ಪನ ಪಂಚೆ ಸಿಕ್ಕಿಸಿ ಎಳೆದರು. ಚಿಕ್ಕಪ್ಪ ಬದುಕಿದ. ಬದುಕಿದ ಅಂದರೆ, ಈಗ ಕಟ್ಟೆಯ ಮೇಲೆ ಕೂತಿರುತ್ತಾನೆ. ಹತ್ತು ಹೆಜ್ಜೆ ನಡೆದರೆ ಏದುತ್ತಾನೆ. ಹೇಳಿದ್ದನ್ನೇ ಹೇಳುತ್ತಾನೆ. ಆ ಬಾಯ್ಲರಿನ ಹುಡುಗ ನಮ್ಮವನಲ್ಲ, ಊರೊಳಗಿನವನು. ಇದನ್ನೂ ಬರೆಯಬೇಕು.

ಅಂದು ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯಿದೆಯ 36ನೇ ಕಲಮು, ವಿಷಾನಿಲ ಇರಬಹುದಾದ ತೊಟ್ಟಿಗೆ ಇಳಿಯುವವನಿಗೆ ಉಸಿರಾಟದ ಸಾಧನ ಇರಬೇಕು, ಸೊಂಟಕ್ಕೆ ಪಟ್ಟಿ ಹಗ್ಗ ಇರಬೇಕು, ಹಗ್ಗದ ತುದಿ ಹೊರಗೆ ನಿಂತವನ ಕೈಯಲ್ಲಿ ಇರಬೇಕು ಎಂದು ಹೇಳುತ್ತಿತ್ತು. ಒಂದು ಹಗ್ಗ. ಹಗ್ಗ ಹೊಸೆಯುವುದು ನಮಗೆ ಗೊತ್ತಿತ್ತು. ದನ ಕಟ್ಟಲು ನಮ್ಮ ಮನೆಯಲ್ಲೇ ನಾಲ್ಕು ಹಗ್ಗ ಇದ್ದವು. ಚಿಕ್ಕಪ್ಪನಿಗೆ ಕಟ್ಟಲು ಒಂದೂ ಇರಲಿಲ್ಲ. ಹೊಸ ಕಾಯಿದೆಯ ಮಾತೆತ್ತಿದರೆ ಮ್ಯಾನೇಜರು, "ಅದು ಕಕ್ಕಸ್ಸಿನ ಗುಂಡಿಗೆ. ಇದು ಎಣ್ಣೆ ತೊಟ್ಟಿ" ಅಂದ. ಚರಂಡಿ ಗುಂಡಿಗಳಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಚಿಕ್ಕಪ್ಪನ ಮುಂದೆ ಈ ಸುದ್ದಿ ಓದಿದಾಗ, "ಸತ್ರೆ ಮೂವತ್ತು ಲಕ್ಷ. ಇಳಿಯೋವಾಗ ಇನ್ನೂರು ರೂಪಾಯಿ" ಅಂದ. ಮತ್ತೆ ಮಾತಾಡಲಿಲ್ಲ.

ಒಂದೇ ಮಿಲ್ಲು, ಒಂದೇ ನೀರು. ಕಾಸ್ಟಿಕ್ ಸೋಡಾದ ಸೋಡಿಯಂ ಅಪ್ಪನ ಹೊಲಕ್ಕೆ ಬಂತು. ಸಲ್ಫ್ಯೂರಿಕ್ ಆಸಿಡ್ಡಿನ ಗಂಧಕ ಚಿಕ್ಕಪ್ಪನ ಎದೆಗೆ ಹೋಯಿತು. ಎಣ್ಣೆ ಪ್ಯಾಕೆಟ್ಟಿನಲ್ಲಿ ಹೊಳೆಯುತ್ತಾ ಪೇಟೆಗೆ ಹೋಯಿತು.

*

ಈ ಸಲ ಗೇಟಿಗೆ ಹೋದಾಗ ನಮ್ಮ ಕೈಯಲ್ಲಿ ಎರಡು ಗಾಜಿನ ಲೋಟ ಇದ್ದವು. ಧಿಕ್ಕಾರ ಕೂಗುವುದರ ಜೊತೆಗೆ ಪ್ರಶ್ನೆ ಕೇಳಿದೆವು. ನೀರು ಅಷ್ಟು ಚೆನ್ನಾಗಿದ್ದರೆ ನೀವೇ ಯಾಕೆ ಬಳಸಬಾರದು? ನಿಮ್ಮ ಕೂಲಿಂಗ್ ಟವರಿಗೆ ಯಾಕೆ ಹಾಕಬಾರದು? ಅದಕ್ಕೆ ಬೋರಿನ ಸಿಹಿನೀರು ಯಾಕೆ ಬೇಕು? ಮ್ಯಾನೇಜರ ಬಾಯಿಂದ ಸತ್ಯ ಹೊರಬಂತು: "ಆ ಉಪ್ಪು ನೀರು ಹಾಕಿದ್ರೆ ನಮ್ ಪೈಪು ಹಾಳಾಗ್ತವೆ ಕಣ್ರೀ."

ಅವರ ಕಬ್ಬಿಣಕ್ಕೆ ಆಗದ ನೀರು ನಮ್ಮ ಮಣ್ಣಿಗೆ ಆಗುತ್ತದೆ! ಗೇಟಿನ ಮುಂದೆ ಕೂತಿದ್ದ ಹೆಂಗಸರು ಈ ಮಾತನ್ನು ಬಿಡಲಿಲ್ಲ. ಇಪ್ಪತ್ತೆರಡು ದಿನ ಅದನ್ನೇ ಹಾಡು ಕಟ್ಟಿ ಹಾಡಿದರು. ಮಂಡಳಿಯವರು ಬಂದರು, ಪತ್ರಿಕೆಯವರು ಬಂದರು. 2018ರಲ್ಲಿ ಮಿಲ್ಲಿನವರು ಆರ್.ಓ. ಯಂತ್ರ ಹಾಕಿದರು.

ಈಗ ತೊಟ್ಟಿಗಳಿಂದ ಬಂದ ತಿಳಿನೀರನ್ನು ಮರಳಿನಲ್ಲಿ, ಇದ್ದಿಲಿನಲ್ಲಿ ಸೋಸಿ, ಒತ್ತಡದಲ್ಲಿ ತೆಳು ಪೊರೆಯ ಮೂಲಕ ತೂರಿಸುತ್ತಾರೆ. ಉಪ್ಪು ಆಚೆ ಉಳಿಯುತ್ತದೆ, ಸಿಹಿನೀರು ಈಚೆ ಬರುತ್ತದೆ. ಹೆಚ್ಚು ಕಡಿಮೆ ಮುಕ್ಕಾಲು ಪಾಲು ನೀರು ಮಿಲ್ಲಿಗೇ ವಾಪಸು ಹೋಗಿ ಕೂಲಿಂಗ್ ಟವರಿಗೆ, ಬಾಯ್ಲರಿಗೆ ಆಗುತ್ತದೆ. ಉಳಿದ ಉಪ್ಪುನೀರನ್ನು ಹಬೆಯಲ್ಲಿ ಕುದಿಸಿ ಇಂಗಿಸಿ ಉಪ್ಪಿನ ಮೂಟೆ ಕಟ್ಟುತ್ತಾರೆ. ಇದೆಲ್ಲ ದುಬಾರಿ, ನಿಜ. ಕೆಲಸದ ಒಳಗೇ ಕಡಿಮೆ ಮಾಡುವ ದಾರಿಗಳಿವೆ. ಎರಡನೇ ತೊಳೆತದ ನೀರನ್ನು ಮುಂದಿನ ಎಣ್ಣೆಯ ಮೊದಲನೇ ತೊಳೆತಕ್ಕೆ ಬಳಸಬಹುದು. ತವುಡೆಣ್ಣೆ, ಪಾಮೆಣ್ಣೆಗಳ ಹುಳಿಯನ್ನು ಕಾಸ್ಟಿಕ್ ಇಲ್ಲದೆ ಹಬೆಯಿಂದಲೇ ತೆಗೆಯುವ ವಿಧಾನವಿದೆ. ಸಾಬೂನೇ ಆಗದಿದ್ದರೆ ಆಸಿಡ್ಡು ಬೇಕಿಲ್ಲ, ಹುಳಿ ನೀರೂ ಇಲ್ಲ. ಕೊಳೆ ಮಾಡಿ ತೊಳೆಯುವುದಕ್ಕಿಂತ ಕೊಳೆ ಮಾಡದಿರುವುದು ಮೇಲು ಎನ್ನುವುದಕ್ಕೆ ಎಂಜಿನಿಯರು ಆಗಬೇಕಿಲ್ಲ.

ಮಿಲ್ಲಿನ ಮುಂದೆ ದೊಡ್ಡ ಬೋರ್ಡು ನೆಟ್ಟಿದ್ದಾರೆ: 'ನಾವು ನೀರನ್ನು ಮರುಬಳಕೆ ಮಾಡುತ್ತೇವೆ.' ಅವ್ವ ಓದಲು ಬಾರದವಳು. ಓದಿ ಹೇಳಿದಾಗ, "ಅದ್ಕೊಂದು ಬೋರ್ಡಾ?" ಅಂದಳು. ಅವ್ವ ಅಕ್ಕಿ ತೊಳೆದ ನೀರನ್ನು ಕಲಗಚ್ಚಿಗೆ ಸುರಿದವಳು. ಪಾತ್ರೆಯ ಕೊನೆಯ ತೊಳೆತದ ನೀರನ್ನು ಮಾರನೇ ದಿನದ ಮೊದಲ ತೊಳೆತಕ್ಕೆ ಎತ್ತಿಟ್ಟವಳು. ನಮ್ಮ ಮೈ ತೊಳೆದ ನೀರಲ್ಲಿ ಒಂದು ಸೋರೆಬಳ್ಳಿ ಬೆಳೆಸಿದವಳು. ಒಂದು ಕೊಡಕ್ಕೆ ಎರಡು ಮೈಲಿ ನಡೆದವರಿಗೆ ಮರುಬಳಕೆ ಎನ್ನುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಈ ಯಂತ್ರ ನೋಡಿದಾಗಲೆಲ್ಲ ನಮಗೆ ಮಹಾಡ್ ನೆನಪಾಗುತ್ತದೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಅಲ್ಲಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಕಲಸಿ ಕೊಡಗಟ್ಟಲೆ ಸುರಿದು, ಮಂತ್ರ ಹೇಳಿಸಿ ಕೆರೆಯನ್ನು 'ಶುದ್ಧ' ಮಾಡಿದರು. ಆ ನೀರನ್ನು ಇವತ್ತಿನ ಲ್ಯಾಬಿಗೆ ಕೊಟ್ಟರೆ ಶುದ್ಧಿಯಾದ ಮೇಲೆಯೇ ಬಿ.ಓ.ಡಿ. ಏರಿತ್ತೆಂದು ಬರೆದುಕೊಡುತ್ತಿದ್ದರು. ಕೊಳೆ ಎನ್ನುವುದು ಹುಟ್ಟಿನಿಂದ ಬರುವುದಲ್ಲ. ಅದು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಅಳೆಯುವಂಥದ್ದು, ತೆಗೆದರೆ ಹೋಗುವಂಥದ್ದು. ಸಾಹುಕಾರ ಇದನ್ನು ಒಪ್ಪಿಕೊಂಡಿದ್ದಾನೆ, ನೀರಿನ ಮಟ್ಟಿಗೆ. ಜಿಡ್ಡು, ಆಸಿಡ್ಡು, ರಾಡಿ ಹೊತ್ತ ನೀರನ್ನು ಮತ್ತೆ ತನ್ನ ಮಿಲ್ಲಿನ ನಡುಮನೆಗೆ ಕರೆದುಕೊಂಡಿದ್ದಾನೆ. ಆ ನೀರನ್ನು ತಿಳಿ ಮಾಡಿದ ಕೈಗಳಿಗೆ ಮಿಲ್ಲಿನ ಕ್ಯಾಂಟೀನಿನಲ್ಲಿ ಇವತ್ತೂ ಬೇರೆ ಲೋಟ ಇದೆ. ಮೊದಲು ಸ್ಟೀಲಿನದು ಮೂಲೆಯಲ್ಲಿ ಇರುತ್ತಿತ್ತು, ಈಗ ಕಾಗದದ್ದು.

ಮುಗಿಯದ ಲೆಕ್ಕ ಇನ್ನೂ ಇದೆ. ಹೊಲಕ್ಕೆ ಜಿಪ್ಸಂ ಹಾಕಿದರೆ ಅದರ ಸುಣ್ಣದ ಅಂಶ ಸೋಡಿಯಂ ಅನ್ನು ಹೊರಹಾಕುತ್ತದೆ. ಆದರೆ ಅದನ್ನು ಕೆಳಕ್ಕೆ ತೊಳೆಯಲು ಸಿಹಿನೀರು ಬೇಕು. ಮಿಲ್ಲಿನವರು ಜಿಪ್ಸಂ ಮೂಟೆ ಕೊಟ್ಟರು, ನೀರು ಕೊಡಲಿಲ್ಲ. ಗುಳಿಗೆ ಕೊಟ್ಟು ನುಂಗಲು ನೀರು ಕೊಡದ ಹಾಗಾಯಿತು. ಮಳೆ ಚೆನ್ನಾಗಿ ಬಂದ ವರ್ಷ ಒಂದು ಮೂಲೆಯಲ್ಲಿ ಹುರುಳಿ ಮೇಲೆದ್ದಿತು. ಅಪ್ಪ ಅಲ್ಲಿಗೆ ದಿನಾ ಹೋಗಿ ಕೂತು ಬರುತ್ತಾನೆ.

ದೊಡ್ಡ ಪ್ರಶ್ನೆ ಇದು. ಮರುಬಳಕೆಯಿಂದ ಮಿಲ್ಲಿಗೆ ನೀರು ಉಳಿಯಿತಲ್ಲ, ಉಳಿದ ನೀರು ಯಾರದು? ಹಟ್ಟಿಯ ಪಕ್ಕದಲ್ಲೇ ಮಿಲ್ಲಿನ ಮೂರು ಬೋರುಗಳಿವೆ. ಒಂದನ್ನು ನಿಲ್ಲಿಸುತ್ತಾರೆ, ನಮ್ಮ ಕೈಪಂಪಿಗೆ ನೀರು ಏರುತ್ತದೆ ಎಂದು ಕಾದೆವು. ನಿಲ್ಲಿಸಲಿಲ್ಲ. ಉಳಿದ ನೀರಿನಲ್ಲಿ ಇನ್ನಷ್ಟು ಎಣ್ಣೆ ತೊಳೆಯಲು ಹೊಸ ಶೆಡ್ಡು ಕಟ್ಟಿದರು. ಕೊಳೆ ಇದ್ದಾಗ ನೀರು ನಮ್ಮದಾಗಿತ್ತು. ಕೊಳೆ ಹೋದ ಕೂಡಲೇ ಅವರದಾಯಿತು.

ಆದ್ದರಿಂದ ಈಗ ನಾವು ಕೇಳುತ್ತಿರುವುದು ಮೂರು. ಬೋರುಗಳಿಗೆ ಮೀಟರು ಹಾಕಿ, ಅದರ ಲೆಕ್ಕ ಹಟ್ಟಿಗೆ ಕಾಣಬೇಕು. ಮರುಬಳಕೆಯಿಂದ ಉಳಿದ ಸಿಹಿನೀರಿನಲ್ಲಿ ಪಾಲು ಕೆಟ್ಟ ಹೊಲಗಳಿಗೆ, ಹಟ್ಟಿಯ ನಲ್ಲಿಗೆ ಬರಬೇಕು. ಯಾವ ತೊಟ್ಟಿಗೂ ಮನುಷ್ಯ ಇಳಿಯಬಾರದು. ರಾಡಿ ಎತ್ತಲು ಪಂಪು ಇದೆ.

ಮೊದಲನೆಯದು ಅರ್ಧ ಆಗಿದೆ. ಮೀಟರು ಬಂದಿದೆ. ಪ್ರತಿ ತಿಂಗಳ ಮೊದಲ ಸೋಮವಾರ ಶಾಲೆಯ ಮಕ್ಕಳು ಮೇಷ್ಟ್ರ ಜೊತೆ ಹೋಗಿ ಅಂಕಿ ಬರೆದುಕೊಂಡು ಬರುತ್ತಾರೆ. ಶಾಲೆಯ ಹೊರಗೋಡೆಗೆ ಕಪ್ಪು ಬಳಿದು, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಕಳೆದ ತಿಂಗಳ ಅಂಕಿ, ಈ ತಿಂಗಳ ಅಂಕಿ, ಕಳೆದರೆ ಬರುವ ಲೀಟರು. ಮಳೆಗೆ ಅಳಿಸಿ ಹೋದರೆ ಮತ್ತೆ ಬರೆಯುತ್ತಾರೆ. ಚಿಕ್ಕಪ್ಪ ಆ ಗೋಡೆಯ ಎದುರಿನ ಕಟ್ಟೆಯ ಮೇಲೆ ಕೂತು, ಬಂದವರನ್ನೆಲ್ಲ ಕರೆದು, "ಈ ತಿಂಗಳು ಎಷ್ಟಂತೆ, ಓದು" ಅನ್ನುತ್ತಾನೆ.

ಗೆಳೆಯರೇ, ನಿಮ್ಮ ಊರಿನ ಮಿಲ್ಲಿನ ಮುಂದಿನ ಬೋರ್ಡು ಓದಿ ಸುಮ್ಮನಾಗಬೇಡಿ. ಹಿಂದಕ್ಕೆ ಹೋಗಿ. ಜೊತೆಗೆ ಎರಡು ಗಾಜಿನ ಲೋಟ ಒಯ್ಯಿರಿ.